ಗದಗ ಬಿಟ್ಟು ಉಳಿದ ಊರೆಲ್ಲ ಅಮಾನ್ಯ

ಹುಬ್ಬಳ್ಳಿಗೆ ಎಷ್ಟು ಅಕ್ಷರ? ಮೂರನೇ ಇಯತ್ತೆಯ ಹುಡುಗ ಬೆರಳು ಮಡಿಸದೇ ಹೇಳುತ್ತಾನೆ: ಹು, ಬ್ಬ, ಳ್ಳಿ. ಮೂರು. ಭಾನುವಾರದ ಪದಬಂಧ ಬಿಡಿಸುವ ಅಜ್ಜನೂ ಮೂರೇ ಮನೆ ತುಂಬುತ್ತಾನೆ. ಬೋರ್ಡು ಬರೆಯುವ ಪೇಂಟರಿಗೂ ಮೂರೇ. ಒತ್ತಿಗೆ ಅವನು ಬೇರೆ ದುಡ್ಡು ಕೇಳಿದ್ದಿಲ್ಲ.

ಈಗ ಪ್ರೋಗ್ರಾಮಿಂಗ್ ಭಾಷೆಗಳನ್ನು ಸಾಲಾಗಿ ಕೂರಿಸಿ ಇದೇ ಪ್ರಶ್ನೆ ಕೇಳೋಣ. ಹಿರಿಯ ಸಿ ಭಾಷೆ ಕನ್ನಡಕ ಸರಿಮಾಡಿಕೊಂಡು 27 ಎನ್ನುತ್ತದೆ. ಗೋ ಕೂಡ 27. ರಸ್ಟ್‌ಗೆ ಉದ್ದ ಕೇಳಿದರೆ 27, ಕ್ಯಾರೆಕ್ಟರ್ ಕೇಳಿದರೆ 9. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರೂ 9. ಪಿಎಚ್‌ಪಿಯದು ತಹಶೀಲ್ದಾರ್ ಕಚೇರಿಯ ಪದ್ಧತಿ, ಎರಡು ಕಿಟಕಿ: ಸ್ಟ್ರ್‌ಲೆನ್ ಎಂಬ ಕಿಟಕಿಯಲ್ಲಿ 27, ಎಂಬಿ ಸ್ಟ್ರ್‌ಲೆನ್ ಎಂಬ ಪಕ್ಕದ ಕಿಟಕಿಯಲ್ಲಿ 9. ಎಲ್ಲರಿಗಿಂತ ನಾಜೂಕಿನ ಸ್ವಿಫ್ಟ್ ಬಹಳ ಯೋಚಿಸಿ 5 ಎನ್ನುತ್ತದೆ. ಮೂರು ಅಂದವರು ಒಬ್ಬರೂ ಇಲ್ಲ.

ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ಬೇಜಾರು. ಜಗತ್ತಿನ ಲಿಪಿಗಳಿಗೆ ಸಂಕೇತ ಹಂಚುವ ಯುನಿಕೋಡ್ ಈ ಊರನ್ನು ಬಿಡಿಸಿ ಇಡುವುದು ಹೀಗೆ: ಹ, ಕೊಂಬು, ಬ, ಹಲಂತ, ಬ, ಳ, ಹಲಂತ, ಳ, ಗುಡಿಸು. ಒಟ್ಟು ಒಂಬತ್ತು ಬಿಡಿಭಾಗ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಬಿಡಿಭಾಗಕ್ಕೂ ಮೂರು ಬೈಟು, ಆದ್ದರಿಂದ 27. ಕಟ್ಟಿಗೆ ಅಡ್ಡೆಯಲ್ಲಿ ಮಂಚದ ಬೆಲೆ ಕೇಳಿದರೆ ಮೊಳೆ ಎಣಿಸಿ ಹೇಳಿದ ಹಾಗೆ. ಸ್ವಿಫ್ಟ್ ಮಾತ್ರ ‘ಮನುಷ್ಯರ ಕಣ್ಣಿಗೆ ಕಾಣುವ ಗುಂಪು ಎಣಿಸುತ್ತೇನೆ’ ಎಂದು ಹೊರಡುತ್ತದೆ. ಹು, ಬ್, ಬ, ಳ್, ಳಿ ಎಂದು ಒತ್ತಕ್ಷರವನ್ನು ನಡುವಿಗೇ ಮುರಿದು ಐದು ಮಾಡುತ್ತದೆ.

ಹಲಂತದ ಮುಂದೆ ವ್ಯಂಜನ ಬಂದರೆ ಮುರಿಯಬಾರದು ಎಂಬ ಬುದ್ಧಿ ಯುನಿಕೋಡಿಗೆ 2023ರ 15.1ನೇ ಆವೃತ್ತಿಯಲ್ಲಿ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಈ ಸವಲತ್ತು ಸಿಕ್ಕಿತು. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ, ಕನ್ನಡ ಇಲ್ಲ. ಆ ನಿಯಮದ ಪ್ರಕಾರ ಹುಬ್ಬಳ್ಳಿಯನ್ನು ತೆಲುಗು ಲಿಪಿಯಲ್ಲಿ ಬರೆದರೆ ಸರಿಯಾಗಿ ಮೂರು, ಕನ್ನಡದಲ್ಲಿ ಬರೆದರೆ ಐದು!

ಎಣಿಕೆ ತಪ್ಪಿದರೆ ಲೋಕ ಮುಳುಗುತ್ತದೆಯೇ ಎನ್ನಬಹುದು. ಮುಳುಗುವುದು ಅರ್ಜಿ. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂದು ಕೆಂಪು ಬಣ್ಣದಲ್ಲಿ ಬೈಯುವ ಆನ್‌ಲೈನ್ ಅರ್ಜಿಯನ್ನು ಎಲ್ಲರೂ ಕಂಡಿದ್ದಾರೆ. ಒಳಗೆ ಪೈಥಾನ್ ಇದ್ದರೆ ಆ ಕಾವಲುಗಾರನ ಹೆಸರು ಹೆಚ್ಚಾಗಿ ಈಸ್‌ಆಲ್ಫಾ. ‘ಧಾರವಾಡ’ ಕೊಟ್ಟು ‘ಇದೆಲ್ಲ ಅಕ್ಷರವೇ?’ ಎಂದರೆ ಫಾಲ್ಸ್. ವ್ಯಂಜನಗಳು ಅಕ್ಷರ, ಆದರೆ ಧಾ ಮತ್ತು ವಾದ ಇಳಿಗಳು ಯುನಿಕೋಡಿನ ವರ್ಗೀಕರಣದಲ್ಲಿ ‘ಗುರುತು’. ಒಂದು ಗುರುತು ಕಂಡರೂ ಊರು ಅನರ್ಹ. ಐಐಟಿ ಇಟ್ಟುಕೊಂಡ ಊರಿನ ಹೆಸರೇ ಅಕ್ಷರಸ್ಥ ಅಲ್ಲ.

ತಮಾಷೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಪೈಥಾನಿಗೆ ‘ಧಾರವಾಡ ಎಂಬ ಹೆಸರನ್ನು ವೇರಿಯಬಲ್‌ಗೆ ಇಡಬಹುದೇ?’ ಎಂದು ಈಸ್‌ಐಡೆಂಟಿಫೈಯರ್ ಮೂಲಕ ಕೇಳಿ. ಟ್ರೂ! ಅಂದರೆ ಧಾರವಾಡ ಸಮ ಒಂದು ಎಂದು ಪ್ರೋಗ್ರಾಂ ಬರೆದರೆ ನಡೆಯುತ್ತದೆ, ಧಾರವಾಡದಲ್ಲಿ ಇದ್ದೇನೆ ಎಂದು ಅರ್ಜಿ ಬರೆದರೆ ನಡೆಯುವುದಿಲ್ಲ. ಮನೆಗೆ ಅಳಿಯ ಆಗಬಹುದು, ಪಡಿತರ ಚೀಟಿಯಲ್ಲಿ ಹೆಸರು ಸೇರಿಸುವಂತಿಲ್ಲ.

ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಹಿಂಬಾಗಿಲಿನಿಂದ ಹೋಗೋಣ ಎಂದರೆ ಅಲ್ಲಿ ಕುಡುಗೋಲು ಕಾದಿರುತ್ತದೆ. ಹಿಂಗೆರೆ-ಡಬ್ಲ್ಯೂ (\w) ಎಂದರೆ ಪದದ ಅಕ್ಷರ ಎಂದು ಪಠ್ಯಪುಸ್ತಕ ಹೇಳುತ್ತದೆ. ಪೈಥಾನಿನ ಜೊತೆಗೇ ಬರುವ ಆರ್‌ಇ ಮಾಡ್ಯೂಲಿಗೆ ಧಾರವಾಡ ಕೊಟ್ಟು ಪದಗಳನ್ನು ಹೆಕ್ಕು ಎಂದರೆ ಮೂರು ಪದ ಕೈಗೆ ಕೊಡುತ್ತದೆ: ಧ, ರವ, ಡ. ಹುಬ್ಬಳ್ಳಿ ಕೊಟ್ಟರೆ ನಾಲ್ಕು: ಹ, ಬ, ಬಳ, ಳ. ಹುಡುಕುವ ಸೌಲಭ್ಯವನ್ನು ಇದರ ಮೇಲೆ ಕಟ್ಟಿದವರ ಜಾಲತಾಣದಲ್ಲಿ ಧಾರವಾಡ ಹುಡುಕಿದರೆ ರವ ಸಿಗುವ ಸಾಧ್ಯತೆಯೇ ಹೆಚ್ಚು, ಉಪ್ಪಿಟ್ಟಿಗೆ ಒಂದು ಇಳಿ ಕಡಿಮೆ. ಜಾವಾಸ್ಕ್ರಿಪ್ಟಿನಲ್ಲಿ ಈ ಗೊಂದಲ ಇಲ್ಲ, ಅದರ ಡಬ್ಲ್ಯೂಗೆ ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ, ಒಂದು ಅಡಿಗೆರೆ ಬಿಟ್ಟು ಬೇರೇನೂ ಕಾಣುವುದೇ ಇಲ್ಲ. ಪದಗಳ ಸಂಖ್ಯೆ ಸೊನ್ನೆ.

ಔಷಧಿ ಇದೆ, ಅಗ್ಗದ್ದೇ. ಜಾವಾಸ್ಕ್ರಿಪ್ಟಿನಲ್ಲಿ 2018ರಿಂದ ಯುನಿಕೋಡ್ ವರ್ಗಗಳನ್ನು ಹೆಸರಿಸಬಹುದು: ಎಲ್ ಎಂದರೆ ಅಕ್ಷರ, ಎಂ ಎಂದರೆ ಗುರುತು. ಎರಡನ್ನೂ ಒಂದೇ ಚೌಕ ಕಂಸದೊಳಗೆ ಹಾಕಿ ಕೊನೆಗೆ ಯು ಧ್ವಜ ನೆಟ್ಟರೆ ಹುಬ್ಬಳ್ಳಿ ಇಡಿಯಾಗಿ ದಾಟುತ್ತದೆ. ಪೈಥಾನಿಗೆ ರೆಜೆಕ್ಸ್ ಎಂಬ ಬೇರೆ ಮಾಡ್ಯೂಲ್ ಹಾಕಿಕೊಂಡರಾಯಿತು. ಹೆಚ್ಚಿನವರು ಎಲ್ ಹಾಕುತ್ತಾರೆ, ಎಂ ಮರೆಯುತ್ತಾರೆ, ‘ನಮ್ಮದು ಎಲ್ಲ ಭಾಷೆಗೂ ನಡೀತೈತ್ರಿ’ ಎಂದು ಮಿರ್ಚಿ ತಿನ್ನಲು ಹೋಗುತ್ತಾರೆ.

ಈ ಎಲ್ಲ ಸಂಕಟಗಳ ನಡುವೆ ತಲೆ ಎತ್ತಿ ನಿಂತ ಊರು ಒಂದಿದೆ. ಗದಗ. ಇಳಿ ಇಲ್ಲ, ಕೊಂಬು ಇಲ್ಲ, ಒತ್ತು ಇಲ್ಲ. ಹುಡುಗನಿಗೂ ಮೂರು, ಪೈಥಾನಿಗೂ ಮೂರು, ಸ್ವಿಫ್ಟಿಗೂ ಮೂರು. ಈಸ್‌ಆಲ್ಫಾ ಎದ್ದು ನಿಂತು ಟ್ರೂ ಎನ್ನುತ್ತದೆ. ಇಂಟರ್‌ವ್ಯೂಗಳಲ್ಲಿ ಕೇಳುವ ‘ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸರವನ್ನು, ತಿರುವಿ ಹಾಕು’ ಪರೀಕ್ಷೆಯಲ್ಲೂ (ನೌಕರಿ ಸಿಕ್ಕ ಮೇಲೆ ಇದನ್ನು ಯಾರೂ ಮಾಡಿಸುವುದಿಲ್ಲ) ಗದಗ ಗದಗವಾಗಿಯೇ ಹೊರಬರುತ್ತದೆ. ಧಾರವಾಡ ತಿರುವಿದರೆ ಬರಬೇಕಾದದ್ದು ಡವಾರಧಾ, ಬರುವುದು ಡಾವರಾಧ. ಇಳಿಗಳು ಪಕ್ಕದ ಮನೆಗೆ ನುಗ್ಗಿರುತ್ತವೆ. ಹಾವೇರಿ ತಿರುವಿದರೆ ಮೊದಲು ಚುಕ್ಕಿಗಳ ವೃತ್ತದ ಮೇಲೆ ಅನಾಥ ಗುಡಿಸೊಂದು ಕಾಣುತ್ತದೆ, ಅದರ ಹಿಂದೆ ‘ರೇವಾಹ’. ಹುಬ್ಬಳ್ಳಿಯದೂ ಅದೇ ಗತಿ: ಅನಾಥ ಗುಡಿಸು, ಹಿಂದೆ ‘ಳ್ಳಬ್ಬುಹ’. ಇದು ಊರೋ ಬಿಕ್ಕಳಿಕೆಯೋ?

ಹಾವೇರಿಯ ಕಷ್ಟ ಇನ್ನೂ ಸೂಕ್ಷ್ಮ. ವೇ ಬರೆಯಲು ಎರಡು ದಾರಿ: ಏತ್ವ ಮತ್ತು ದೀರ್ಘ ಒಂದೇ ಸಂಕೇತವಾಗಿ, ಅಥವಾ ಎರಡು ಬೇರೆ ಸಂಕೇತಗಳಾಗಿ. ಪರದೆಯ ಮೇಲೆ ಎರಡೂ ತದ್ರೂಪ. ಒಳಗೆ ಒಂದು ಹಾವೇರಿಗೆ ಆರು ಬಿಡಿಭಾಗ, ಇನ್ನೊಂದಕ್ಕೆ ಏಳು. ಸಮವೇ ಎಂದು ಕೇಳಿದರೆ ಅಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತಪದ್ಧತಿ ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ಹಾವೇರಿ’ ಫೈಲು ಕಣ್ಣೆದುರೇ ಕೂತಿರುತ್ತದೆ, ಪ್ರೋಗ್ರಾಂ ಮಾತ್ರ ಇಲ್ಲ ಎನ್ನುತ್ತದೆ. ಊರಿನ ಹೆಸರಿಗೆ 20 ಬೈಟಿನ ಕಾಲಂ ಇಟ್ಟಿದ್ದರೆ ಕೂಡಿಸಿದ ಹಾವೇರಿ 18 ಬೈಟಿನಲ್ಲಿ ಒಳಗೆ ಬರುತ್ತದೆ, ಬಿಡಿಸಿದ ಹಾವೇರಿ 21 ಆಗಿ ಹೊರಗೆ ಉಳಿಯುತ್ತದೆ. ಗದಗ ಜಿಲ್ಲೆಯ ರೋಣವಂತೂ ಹೊರಗಿನಿಂದ ಎರಡಕ್ಷರದ ಪಾಪದ ಊರು. ಬಿಡಿಸಿದರೆ ಓತ್ವವೊಂದೇ ಏತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಒಟ್ಟು ಐದು ಹೊರಬೀಳುತ್ತವೆ. ಹೋಲಿಸುವ ಮುನ್ನ ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಂಡರೆ ಜಗಳ ಮುಗಿಯಿತು, ಒಂದು ಸಾಲಿನ ಕೆಲಸ. ಆ ಸಾಲು ಬರೆಯದೇ ‘ದಾಖಲೆ ಹೊಂದಾಣಿಕೆಯಾಗುತ್ತಿಲ್ಲ, ಖುದ್ದಾಗಿ ಬನ್ನಿ’ ಎಂದು ಬರೆಯುವುದು ರೂಢಿ.

ರೈಲ್ವೆ ಸ್ಟೇಷನ್ನಿಗೆ ಬರೋಣ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ, 1507 ಮೀಟರ್. ಸ್ಟೇಷನ್ನಿನ ಹೆಸರೂ ಅದಕ್ಕೆ ಒಪ್ಪುವಂತಿದೆ: ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ ಹುಬ್ಬಳ್ಳಿ. ಹೀಗೆ ಬರೆದರೆ ಬಿಡಿಭಾಗ 41, ತಲಾ ಮೂರು ಬೈಟಿನಂತೆ 123, ನಡುವಿನ ಖಾಲಿ ಜಾಗ ಐದು. ಒಟ್ಟು 128. ಕಂಪ್ಯೂಟರಿನವರಿಗೆ ಇದಕ್ಕಿಂತ ಮಂಗಳಕರ ಸಂಖ್ಯೆ ಇಲ್ಲ, ಎರಡರ ಏಳನೇ ಘಾತ. ಸಿ ಭಾಷೆಯವರು ಖುಷಿಯಿಂದ 128ರ ಡಬ್ಬಿ ಮಾಡಿ ಹೆಸರು ತುಂಬುತ್ತಾರೆ. ಆದರೆ ಸಿಯಲ್ಲಿ ಪ್ರತಿ ಸ್ಟ್ರಿಂಗಿನ ಬಾಲಕ್ಕೆ ಒಂದು ಸೊನ್ನೆ ಬೇಕು, ಬೇಕಾದದ್ದು 129. ಹೆಸರು ನಕಲು ಮಾಡಲು ಸ್ಟ್ರ್‌ಕಾಪಿ ಬಳಸಿದರೆ ಆ ಒಂದು ಬೈಟು ಪಕ್ಕದವರ ಹಿತ್ತಲಿಗೆ ಬೀಳುತ್ತದೆ. ಜಾಣತನದಿಂದ ಸ್ಟ್ರ್‌ಎನ್‌ಕಾಪಿ ಬಳಸಿ 128 ಎಂದರೆ ಸೊನ್ನೆಯನ್ನೇ ಇಡುವುದಿಲ್ಲ. ಆಮೇಲೆ ಹೆಸರು ಪ್ರಿಂಟ್ ಮಾಡಲು ಹೇಳಿದರೆ ಹುಬ್ಬಳ್ಳಿಯಲ್ಲಿ ನಿಲ್ಲದೇ ಧಾರವಾಡ ದಾಟಿ, ಅಳ್ನಾವರ ದಾಟಿ, ಎಲ್ಲೋ ಒಂದು ಸೊನ್ನೆ ಸಿಗುವ ತನಕ ಓಡುತ್ತಲೇ ಇರುತ್ತದೆ.

ಹೆಸರಿನ ಉಸಾಬರಿ ಬೇಡ, ಅರ್ಜಿಯ ಅಂಕಿಗಳನ್ನಾದರೂ ತುಂಬೋಣ. ಪಿನ್‌ಕೋಡ್ ೫೮೦೦೦೧ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಪೈಥಾನಿನ ಇಂಟ್ ತಕರಾರಿಲ್ಲದೇ 580001 ಎಂದು ಓದಿಕೊಳ್ಳುತ್ತದೆ. ಇಳಿ ಅಕ್ಷರ ಅಲ್ಲದಿದ್ದರೂ ಅಂಕಿ ಅಂಕಿಯೇ. ಜಾವಾಸ್ಕ್ರಿಪ್ಟ್ ಮಾತ್ರ ‘ಎನ್‌ಎಎನ್’ ಎನ್ನುತ್ತದೆ, ಅಂದರೆ ‘ಇದು ಸಂಖ್ಯೆ ಅಲ್ಲ’. ಆ ಸಂಖ್ಯೆ ಅಲ್ಲದ್ದರ ಕುಲ ಯಾವುದು ಎಂದು ಟೈಪ್‌ಆಫ್ ಕೇಳಿದರೆ ಉತ್ತರ: ಸಂಖ್ಯೆ.

ಹುಬ್ಬಳ್ಳಿ-ಧಾರವಾಡದ ದೂರವಾಣಿ ಕೋಡ್: 0836. ಎಕ್ಸೆಲ್ ಮೊದಲಿನ ಸೊನ್ನೆಯನ್ನು ನುಂಗಿ 836 ಮಾಡುತ್ತದೆ. ಸಿ ಭಾಷೆಗೆ ಮೊದಲಿನ ಸೊನ್ನೆ ಎಂದರೆ ಅಷ್ಟಮಾನ ಪದ್ಧತಿ, ಅದರಲ್ಲಿ 8 ಎಂಬ ಅಂಕಿಯೇ ಇಲ್ಲ, ಆದ್ದರಿಂದ ಕಂಪೈಲರ್ ಚೀರುತ್ತದೆ. ಕರ್ನಾಟಕದ ಕೋಡುಗಳೆಲ್ಲ 08ರಿಂದಲೇ ಶುರುವಾಗುವುದು ನಮ್ಮ ಪುಣ್ಯ, ಇಡೀ ರಾಜ್ಯಕ್ಕೆ ಬಾಗಿಲಲ್ಲೇ ತಡೆ. ಮುಂಬಯಿಯ 022 ಕೊಟ್ಟು ನೋಡಿ: ಸದ್ದಿಲ್ಲದೇ 18 ಆಗುತ್ತದೆ. ದಿಲ್ಲಿಯ 011 ಒಂಬತ್ತು.

ಬಸ್ಸಿನ ವೇಳಾಪಟ್ಟಿಯನ್ನು ಯಾಮಲ್ ಎಂಬ ಕಡತ ಮಾದರಿಯ 1.1ನೇ ಆವೃತ್ತಿಯಲ್ಲಿ ಬರೆದರೆ 09:30ರ ಬಸ್ಸು 09:30ಕ್ಕೇ ಬಿಡುತ್ತದೆ. 10:30ರ ಬಸ್ಸು 630 ಆಗಿಬಿಡುತ್ತದೆ. ಸೊನ್ನೆಯಿಂದ ಶುರುವಾಗದ, ನಡುವೆ ವಿಸರ್ಗದಂಥ ಎರಡು ಚುಕ್ಕಿ ಇರುವ ಅಂಕಿ ಕಂಡರೆ ಅದು ಅರವತ್ತರ ಪದ್ಧತಿ ಎಂದು ಯಾಮಲ್ ತಿಳಿಯುತ್ತದೆ. ಹತ್ತು ಅರವತ್ತಲೇ ಆರುನೂರು, ಮೇಲೆ ಮೂವತ್ತು. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಬಸ್ಸು ಸುಮ್ಮನೆ ಬಸ್ಸಾಗಿರುತ್ತದೆ.

ಕೊನೆಗೆ ಶುಲ್ಕ. ಹತ್ತು ಪೈಸೆಯ ಹತ್ತು ನಾಣ್ಯಗಳನ್ನು 0.1 ಎಂದು ಒಂದೊಂದಾಗಿ ಕೂಡಿಸುತ್ತ ಹೋದರೆ ಜಾವಾಸ್ಕ್ರಿಪ್ಟಿನಲ್ಲಿ ಒಂದು ರೂಪಾಯಿ ಆಗುವುದಿಲ್ಲ, 0.9999999999999999 ಆಗುತ್ತದೆ. ಹತ್ತನೇ ಒಂದು ಭಾಗ ಎರಡರ ಪದ್ಧತಿಯಲ್ಲಿ ಪೂರ್ತಿ ಮುಗಿಯದ ಭಿನ್ನರಾಶಿ. ಇಲ್ಲಿ ಹಳಬರನ್ನು ನೆನೆಯಬೇಕು. ಒಂದು ಆಣೆ ಎಂದರೆ ರೂಪಾಯಿಯ ಹದಿನಾರನೇ ಒಂದು, 0.0625. ಎರಡರ ಪದ್ಧತಿಗೆ ಅದು ತವರುಮನೆಯ ಲೆಕ್ಕ. ಹದಿನಾರು ಸಲ ಕೂಡಿಸಿ, ಸರಿಯಾಗಿ 1, ಹದಿನಾರಾಣೆ ಸತ್ಯ. ಪಾವು ಕಿಲೊ, ಅರ್ಧ ಕಿಲೊ, ಮುಕ್ಕಾಲು ಕಿಲೊ ಪೇಡೆಯೂ ಕಂಪ್ಯೂಟರಿಗೆ ಚೊಕ್ಕ, ನೂರು ಗ್ರಾಂ ಕೇಳಿದರೆ ತಕ್ಕಡಿ ನಡುಗುತ್ತದೆ. 1957ರ ಏಪ್ರಿಲ್ 1ರಂದು ಆಣೆ ತೆಗೆದು ನಯಾ ಪೈಸೆ ತಂದರಲ್ಲ, ಕಂಪ್ಯೂಟರನ್ನು ಒಂದು ಮಾತು ಕೇಳಬಾರದಿತ್ತೇ? (ಪೈಯನ್ನು ತರಬೇಡಿ. ಆಣೆಗೆ ಹನ್ನೆರಡು ಪೈ, ಅದು ಮತ್ತೆ ಒಡೆಯುತ್ತದೆ.)

ಇಷ್ಟು ನೋಡಿದ ಮೇಲೆ ಭಾಷೆಗಳನ್ನು ತಿದ್ದಿ ಎನ್ನುವುದು ಅವಿವೇಕ. ಅವುಗಳ ಹಿಂದೆ ಸಮಿತಿಗಳಿವೆ, ಆವೃತ್ತಿಗಳಿವೆ, ಹಳೆಯ ಪ್ರೋಗ್ರಾಂ ಮುರಿಯಬಾರದೆಂಬ ಪ್ರತಿಜ್ಞೆ ಇದೆ. ಊರಿಗೆ ಅಂಥದ್ದೇನೂ ಇಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ಹುಬ್ಲಿಯನ್ನು ಹುಬ್ಬಳ್ಳಿ ಮಾಡಲಿಲ್ಲವೇ? ಅದೇ ದಾರಿಯಲ್ಲಿ ಇನ್ನೊಂದು ಅಧಿಸೂಚನೆ ಸಾಕು. ಹುಬ್ಬಳ್ಳಿ ಇನ್ನು ಹಬಬಳಳ. ಧಾರವಾಡ, ಧರವಡ. ಹಾವೇರಿ, ಹವರ. ಅಣ್ಣಿಗೇರಿ, ಅಣಣಗರ. ಸಾಧನಕೇರಿಗೆ ಹೋಗುವವರು ಸಧನಕರದಲ್ಲಿ ಇಳಿದುಕೊಳ್ಳಲಿ. ರೋಣ ರಣವಾಗುತ್ತದೆ, ಅದಕ್ಕೆ ಯಾರೂ ಬೇಡ ಎನ್ನಲಾರರು. ಪೇಂಟರಿಗೆ ಬಣ್ಣ ಉಳಿತಾಯ, ಈಸ್‌ಆಲ್ಫಾಕ್ಕೆ ಸಂತೋಷ. ಮೂರು ಜಿಲ್ಲೆಯ ಅರ್ಜಿಗಳೂ ಒಂದೇ ದಿನ ಪಾಸು.

ಮಾದರಿ ಪಟ್ಟಣ ಹೇಗೂ ತಯಾರಿದೆ, ಏನೂ ಬದಲಿಸಬೇಕಿಲ್ಲ ಎಂದುಕೊಂಡು ಅರ್ಜಿಯ ಕೊನೆಯ ಖಾನೆಗೆ ಬಂದರೆ ಅಲ್ಲಿ ಊರು ಕೇಳಿಲ್ಲ, ಸ್ಥಳೀಯ ಸಂಸ್ಥೆಯ ಹೆಸರು ಕೇಳಿದೆ. ಗದಗ-ಬೆಟಗೇರಿ ನಗರಸಭೆ. ಬೆಟಗೇರಿಯ ಏತ್ವ, ಗುಡಿಸುಗಳ ಮಾತು ಆಮೇಲೆ. ಎಲ್ಲ ಕಿತ್ತು ಬಟಗರ ಮಾಡಿದರೂ ನಡುವೆ ಒಂದು ಅಡ್ಡಗೆರೆ ಉಳಿಯುತ್ತದೆ. ಈಸ್‌ಆಲ್ಫಾ ಫಾಲ್ಸ್ ಎನ್ನುತ್ತದೆ. ಈ ಸಲ ಬೈಯುವಂತೆಯೂ ಇಲ್ಲ, ಅಡ್ಡಗೆರೆ ನಿಜಕ್ಕೂ ಅಕ್ಷರ ಅಲ್ಲ.