ಧಾರೆಹುಳಿ, ಕಂಚು ಮತ್ತು ಸೈಗಾನ್‌ನ ಮಕ್ಕಳು

ಡಿಸೆಂಬರ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇದೇ ಮಾತು. "ಈಗಿನ ಮಕ್ಕಳಿಗೆ ಹ್ಯಾಲೋವೀನ್ ಬೇಕು, ಕ್ರಿಸ್‌ಮಸ್ ಬೇಕು. ನಮ್ಮ ಟೆಟ್ ಮಾತ್ರ ಬೇಡ." ಟೆಟ್ ಅಂದರೆ ಇಲ್ಲಿಯ ಚಾಂದ್ರಮಾನ ಹೊಸ ವರ್ಷ, ವಿಯೆಟ್ನಾಮಿನವರ ದೊಡ್ಡ ಹಬ್ಬ. ಸೈಗಾನ್‌ನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ ನನಗೆ ಆರು ವರ್ಷ ಆಯ್ತು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮಕ್ಕಳು ಕ್ರಿಸ್‌ಮಸ್ ಮಾಡುವುದು ನಿಜ. 24ರ ರಾತ್ರಿ ಫಾಮ್ ಥೆ ಹಿಯೆನ್ ರಸ್ತೆಯ ಕ್ಯಾಥೊಲಿಕ್ ಕೇರಿಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಬರುವವರಲ್ಲಿ ಕ್ರೈಸ್ತರಲ್ಲದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ದೀಪ ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. 25 ಇಲ್ಲಿ ಸರ್ಕಾರಿ ರಜೆಯೂ ಅಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲೇ ಕ್ಲಾಸಿಗೆ ಬರುತ್ತಾರೆ. ಊರ ನಡುವಿನ ದೊಡ್ಡ ಚರ್ಚ್ ಕಟ್ಟಿ ಮುಗಿದದ್ದು 1880ರಲ್ಲಿ. ಅಷ್ಟು ಹಳೆಯ ಹಬ್ಬವನ್ನು ಇನ್ನೂ ಪರದೇಶದ್ದು ಅನ್ನಬೇಕಾ?

ಕಳೆದ ವರ್ಷ ಒಬ್ಬ ಹುಡುಗ ಬೆಳ್ಳಿ ಬಣ್ಣದ ಜರಿಮಾಲೆ ಹಾಕಿಕೊಂಡೇ ಕ್ಲಾಸಿಗೆ ಬಂದ. ಹ್ಯಾಲೋವೀನ್ ದಿನ ಮುಖಕ್ಕೆಲ್ಲ ಬಣ್ಣ ಬಳಿದುಕೊಂಡು, ಬಾರ್‌ಗಳ ಗದ್ದಲದ ಬೂಯಿ ವಿಯೆನ್ ಬೀದಿ ಸುತ್ತಿದವನೂ ಅವನೇ. ಜರಿ ಅಂದರೆ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂನ ತೆಳು ಲೇಪ. "ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಚುರುಕು ಅಂತ ಹೇಳಿದ್ರಿ. ಮತ್ತೆ ಇದು ಯಾಕೆ ಹಾಳಾಗಲ್ಲ?" ಅಂದ. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಉದುರುತ್ತಾ ಹೋಗುತ್ತದೆ.

ಆಗ ಅವನೇ ಮನೆಯ ಲು ಡೊಂಗ್ ಬಗ್ಗೆ ಕೇಳಿದ. ಹಿರಿಯರ ಪೂಜಾಪೀಠದ ಮೇಲಿಡುವ ಕಂಚಿನ ಧೂಪಪಾತ್ರೆ ಅದು. ಮುಚ್ಚಳದ ಮೇಲೊಂದು ಸಿಂಹದಂಥ ಪ್ರಾಣಿ, ಪಕ್ಕದಲ್ಲಿ ಜೋಡಿ ದೀಪಸ್ತಂಭ. ವರ್ಷವಿಡೀ ಹೊಗೆ, ತೇವ ತಾಗಿ ಕಪ್ಪಾಗುತ್ತದೆ. ಟೆಟ್‌ಗೆ ಮುಂಚೆ ಅವನ ಅಜ್ಜಿ ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ಹಾಕಿ ಉಜ್ಜಿಸುತ್ತಾರಂತೆ. ನಮ್ಮಮ್ಮ ಹುಣಸೆಹಣ್ಣಿನಲ್ಲಿ ತಾಮ್ರದ ಹಂಡೆ ಉಜ್ಜುತ್ತಿದ್ದುದು ಕಣ್ಣ ಮುಂದೆ ಬಂತು. ಕಂಚಿನಲ್ಲೂ ಹೆಚ್ಚಿನ ಪಾಲು ತಾಮ್ರವೇ, ಹಾಗಾಗಿ ಎರಡೂ ಕಡೆ ಒಂದೇ ಕೆಲಸ. ಹಣ್ಣಿನ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಲವಣ ಮತ್ತು ನೀರಾಗುತ್ತದೆ. ಆದರೆ ಅಡಿಯ ತಾಮ್ರವನ್ನು ಮುಟ್ಟುವುದಿಲ್ಲ. ಚುರುಕಿನ ಲೆಕ್ಕದಲ್ಲಿ ಮೇಲಿಂದ ಕೆಳಗೆ ಜೋಡಿಸಿದ ಲೋಹಗಳ ಸಾಲಿನಲ್ಲಿ ತಾಮ್ರ ಹೈಡ್ರೋಜನ್‌ಗಿಂತ ಕೆಳಗಿದೆ, ಆಮ್ಲದಿಂದ ಹೈಡ್ರೋಜನ್ನನ್ನು ಹೊರಗೆ ತಳ್ಳುವ ಶಕ್ತಿ ಅದಕ್ಕಿಲ್ಲ. ಕಬ್ಬಿಣಕ್ಕೆ ಇದೆ. ಹುಳಿಯಲ್ಲಿ ಬಿಟ್ಟರೆ ಕಬ್ಬಿಣ ಸವೆಯುತ್ತದೆ. ಅವತ್ತು ಪಾಠ ಮುಗಿದ ಮೇಲೂ ಯಾರೂ ಎದ್ದು ಹೋಗಲಿಲ್ಲ.

ನನ್ನ ಬೇಜಾರು ಬೇರೆಯೇ ಇದೆ. ಟೆಟ್ ಹತ್ತಿರ ಬಂದಾಗ ಈ ಊರಿನ ರಸ್ತೆ ಬದಿಯಲ್ಲಿ ಮೆಷಿನ್ ಇಟ್ಟುಕೊಂಡು ಲು ಡೊಂಗ್ ಪಾಲಿಶ್ ಮಾಡಿಕೊಡುವವರು ಕೂತಿರುತ್ತಾರೆ. ಅವರ ಹೊಟ್ಟೆಪಾಡು, ನಾನೇನೂ ಅನ್ನುವುದಿಲ್ಲ. ಆದರೆ ದುಡ್ಡು ಕೊಟ್ಟು ಅಲ್ಲಿ ಉಜ್ಜಿಸಿಕೊಂಡು ಬರುವವರು ಯಾರು? ದೊಡ್ಡವರೇ. ಮಕ್ಕಳ ಕೈಗೆ ಧಾರೆಹುಳಿ ಕೊಡದೆ, ಮಕ್ಕಳು ಟೆಟ್ ಮರೆತರು ಅಂದರೆ ಹೇಗೆ? ಬೂಯಿ ವಿಯೆನ್‌ಗೆ ಹೋಗಬೇಡ ಅಂತ ಬೈಯುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಉಜ್ಜಿಸಿ.

ಆ ವರ್ಷ ಟೆಟ್‌ಗೆ ನಾಲ್ಕು ದಿನ ಇರುವಾಗ ಆ ಹುಡುಗನ ಮನೆಗೆ ಕರೆದಿದ್ದರು. ಅಂಗಳದಲ್ಲಿ ಪೇಪರ್ ಹಾಸಿ ಅಜ್ಜಿ, ಮೊಮ್ಮಗ ಕೂತಿದ್ದರು. ಟೆಟ್‌ಗೆಂದು ಇಡುವ ಹಳದಿ ಮಾಯ್ ಹೂವಿನ ಕುಂಡಕ್ಕೆ ಕ್ರಿಸ್‌ಮಸ್‌ನ ಜರಿಮಾಲೆ ಸುತ್ತಿತ್ತು. ಅಜ್ಜಿ ನನ್ನನ್ನು ನೋಡಿ ನಕ್ಕು, ಅರ್ಧ ಧಾರೆಹುಳಿ ಕೈಗಿಟ್ಟು, ಒಂದು ದೀಪಸ್ತಂಭ ನನ್ನ ಕಡೆ ತಳ್ಳಿದರು.