ನಮ್ಮ ಬೈಬಲಿನ ಅರಣ್ಯ ಕಾಡಲ್ಲ

ಚಿಕ್ಕವಳಿದ್ದಾಗ ನನಗೊಂದು ಗೊಂದಲ ಇತ್ತು. ನಾವಿದ್ದದ್ದು ಮಲೆನಾಡಿನ ಕಾಫಿ ತೋಟದ ಲೈನ್ ಮನೆಯಲ್ಲಿ. ಸಂಡೇ ಸ್ಕೂಲಿನಲ್ಲಿ "ಇಸ್ರಾಯೇಲ್ಯರು 40 ವರ್ಷ ಅರಣ್ಯದಲ್ಲಿ ಅಲೆದರು" ಅಂತ ಹೇಳಿಕೊಟ್ಟಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ತೋಟದ ಆಚೆಗಿನ ಕಾಡು. ಹಲಸಿನ ಮರ, ಜಿಗಣೆ, ವರ್ಷವಿಡೀ ಹರಿಯುವ ಹಳ್ಳ. ಇಷ್ಟು ನೀರಿದ್ದೂ ಇವರು ನೀರಿಗೆ ಯಾಕೆ ಅಳುತ್ತಾರೆ? ಎಷ್ಟು ಹಟಮಾರಿ ಜನ ಅಂದುಕೊಳ್ಳುತ್ತಿದ್ದೆ.

ದೇವರು ಐಗುಪ್ತದ, ಅಂದರೆ ಈಜಿಪ್ಟಿನ, ಜೀತದಿಂದ ಬಿಡಿಸಿದ ಇಸ್ರಾಯೇಲ್ಯರು ಅಲೆದ ಜಾಗ ನಮ್ಮ ಕನ್ನಡ ಬೈಬಲಿನಲ್ಲಿ ಅರಣ್ಯ. ಆ ಅಲೆದಾಟದ ಪುಸ್ತಕದ ಹೆಸರೇ ಅರಣ್ಯಕಾಂಡ. ಆದರೆ ಅವರು ಅಲೆದ ಸೀನಾಯಿ ಅಂದರೆ ಬೋಳು ಬಂಡೆ, ಕಲ್ಲು, ಮರಳು. ಮಳೆ ಅನ್ನೋದು ಅಪರೂಪ. ದೊಡ್ಡವಳಾದ ಮೇಲೆ ಫೋಟೋ ನೋಡಿದಾಗಲೇ ನನಗೆ ಅರ್ಥವಾದದ್ದು, ಅವರು ಸುಮ್ನೆ ಅಳಲಿಲ್ಲ ಅಂತ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಕಥೆಯನ್ನು ನಾವು ಚರ್ಚಿನ ಸಭೆಗಳಲ್ಲಿ ಜಾಸ್ತಿ ಬಳಸುವುದು ಒಂದೇ ಮಾತಿಗೆ: ಗುಣುಗುಟ್ಟಬೇಡಿ. ಕೆಲವು ವರ್ಷದ ಹಿಂದೆ ನನ್ನ ಗಂಡ ಕೆಲಸ ಮಾಡುತ್ತಿದ್ದ ಕಡೆ ಎರಡು ತಿಂಗಳು ಸಂಬಳ ಕೊಡಲಿಲ್ಲ. ಆಮೇಲೆ ಬರಲೇಬೇಡಿ ಅಂದರು. ಮಗನ ಫೀಸು ಬಾಕಿ, ಬಾಡಿಗೆ ಬಾಕಿ. ಮನೆ ಪ್ರಾರ್ಥನೆಯಲ್ಲಿ ನಾನು ಎದೆ ತುಂಬಿ ಬಂದು ಹೇಳಿಕೊಂಡೆ, ದೇವರು ನಮ್ಮನ್ನು ಮರೆತಿದ್ದಾನೆ ಅನ್ನಿಸುತ್ತೆ ಅಂತ. ಒಬ್ಬರು ಮೆಲ್ಲಗೆ ಅಂದರು, "ಸಿಸ್ಟರ್, ಇಸ್ರಾಯೇಲ್ಯರು ಹೀಗೆ ಗುಣುಗುಟ್ಟಿಯೇ ಹಾಳಾದದ್ದು." ಅವರು ಕೆಟ್ಟವರಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು, ಅವರು ಐಗುಪ್ತದಿಂದ ಹೊರಟ ಕಥೆ ಇರುವ ವಿಮೋಚನಕಾಂಡ ತೆಗೆದೆ.

ನೀವೂ ಒಮ್ಮೆ ಓದಿ ನೋಡಿ. ಕೆಂಪು ಸಮುದ್ರ ದಾಟಿ ಮೂರು ದಿನ ನೀರಿಲ್ಲದೆ ನಡೆದರು. ಮಾರಾದಲ್ಲಿ ನೀರು ಸಿಕ್ಕಿತು, ಬಾಯಿಗಿಟ್ಟರೆ ಕಹಿ. ಗುಣುಗುಟ್ಟಿದರು. ದೇವರು ಬೈದನಾ? ಇಲ್ಲ. ಅವರ ನಾಯಕ ಮೋಶೆಗೆ ಒಂದು ಮರ ತೋರಿಸಿದ, ನೀರು ಸಿಹಿಯಾಯಿತು. ಮುಂದಿನ ತಂಗುದಾಣ ಏಲೀಮ್, ಅಲ್ಲಿ 12 ಒರತೆ, 70 ಖರ್ಜೂರದ ಮರ. ಆಮೇಲೆ ಹಸಿವು, ಮತ್ತೆ ಗುಣುಗಿದರು, ಆಕಾಶದಿಂದ ಮನ್ನ ಅನ್ನೋ ಆಹಾರ ಸುರಿಯಿತು. ರೆಫೀದೀಮಿನಲ್ಲಿ ಬಾಯಾರಿ ಜಗಳಕ್ಕೇ ನಿಂತರು, ಬಂಡೆಯಿಂದ ನೀರು ಬಂತು. ಈ ಮೂರು ಕಡೆಯೂ ದೇವರು ಒಬ್ಬರನ್ನೂ ದಂಡಿಸಲಿಲ್ಲ. ಹೊಟ್ಟೆ ಹಸಿದವನ ಕೂಗು ಆತನಿಗೆ ಪಾಪವಾಗಿ ಕೇಳಲಿಲ್ಲ.

ದಂಡನೆ ಬರುವುದು ಅರಣ್ಯಕಾಂಡದಲ್ಲಿ. 11ನೇ ಅಧ್ಯಾಯದಲ್ಲಿ ಅವರು ಮಾಂಸಕ್ಕೆ ಅತ್ತಾಗ ಹಸಿವಿರಲಿಲ್ಲ, ಮನ್ನ ದಿನಾ ಬೀಳುತ್ತಿತ್ತು. ಅವರಿಗೆ ನೆನಪಾದದ್ದು ಐಗುಪ್ತದ ಮೀನು, ಸವತೇಕಾಯಿ, ಈರುಳ್ಳಿ, ಬೆಳ್ಳುಳ್ಳಿ. ಅದೂ ಬಿಟ್ಟಿಯಾಗಿ ತಿನ್ನುತ್ತಿದ್ದೆವು ಅಂತಾರೆ! ಬಿಟ್ಟಿ ಎಲ್ಲಿ? ಬೆನ್ನ ಮೇಲೆ ಚಾಟಿ, ಕೈಯಲ್ಲಿ ಇಟ್ಟಿಗೆಯ ಮಣ್ಣು, ಹುಟ್ಟಿದ ಗಂಡುಮಕ್ಕಳು ನೈಲ್ ನದಿಗೆ. ಅದನ್ನೆಲ್ಲ ಮರೆತು ಈರುಳ್ಳಿ ಮಾತ್ರ ನೆನಪಿಟ್ಟುಕೊಂಡರು. ಹಸಿವಿಗೆ ಅಳುವುದೇ ಬೇರೆ, ಬಿಡಿಸಿದವನ ಕೈ ಬಿಟ್ಟು ಹಳೇ ಸೆರೆಯನ್ನು ಬಯಸುವುದೇ ಬೇರೆ. ಈ ಎರಡನ್ನೂ ಒಂದೇ ಮಾಡಿ ಕಷ್ಟದಲ್ಲಿರುವವರ ಬಾಯಿ ಮುಚ್ಚಿಸುವುದು ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮನ್ನದ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೋ. ಕೊತ್ತಂಬರಿ ಬೀಜದಷ್ಟು ಸಣ್ಣದು, ಬಿಳಿ ಬಣ್ಣ, ಜೇನು ಬೆರೆಸಿದ ದೋಸೆಯ ರುಚಿ. ಒಂದು ದಿನ ಅಡುಗೆಮನೆಯಲ್ಲಿ ಕೊತ್ತಂಬರಿ ಬೀಜವನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದೆ. ಇಷ್ಟು ಸಣ್ಣದನ್ನು ನೆಲದಿಂದ ಹೆಕ್ಕಿ, ಬೀಸಿ, ಬೇಯಿಸಿ ಮಕ್ಕಳಿಗೆ ಕೊಡಬೇಕು. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆ. ಜಾಸ್ತಿ ಕೂಡಿಸಿದವನಿಗೆ ಮಿಕ್ಕಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗೆ ಅಂತ ಎತ್ತಿಟ್ಟರೆ ಹುಳ ಬಿದ್ದು ನಾರಿತು.

ಎತ್ತಿಟ್ಟವರ ಮೇಲೆ ನನಗೆ ಸಿಟ್ಟು ಬರಲ್ಲ. ಜೀವನಪೂರ್ತಿ ಜೀತ ಮಾಡಿದವನಿಗೆ ನಾಳೆ ಊಟ ಕೊಡುತ್ತಾರೆ ಅನ್ನೋ ನಂಬಿಕೆ ಎಲ್ಲಿಂದ ಬರಬೇಕು? ಬಚ್ಚಿಡುವುದೇ ಅವನಿಗೆ ಗೊತ್ತಿರೋದು. ಆ ಭಯವನ್ನು ದೇವರು ದಿನಕ್ಕೊಂದು ಓಮೆರಿನ ಹಾಗೆ ಬಿಡಿಸುತ್ತಾ ಬಂದ. ಇನ್ನೊಂದು ನೋಡಿ. ದೇವರ ಹಬ್ಬಕ್ಕೆ ಮೂರು ದಿನ ಬಿಡು ಅಂದಾಗ ಐಗುಪ್ತದ ರಾಜ ಫರೋಹ ಇಟ್ಟಿಗೆಗೆ ಬೆರೆಸುವ ಹುಲ್ಲು ಕೊಡುವುದನ್ನೂ ನಿಲ್ಲಿಸಿ, ಅಷ್ಟೇ ಇಟ್ಟಿಗೆ ಮಾಡಿ ಅಂದಿದ್ದ. ಈ ದೇವರು ಆರನೇ ದಿನ ಎರಡರಷ್ಟು ಕೊಟ್ಟು, ಏಳನೇ ದಿನ ಸುಮ್ನೆ ಮನೆಯಲ್ಲಿರಿ ಅಂದ. ಆ ಜನಕ್ಕೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ರಜೆ ಅದೇ ಇರಬೇಕು! ಆ ದಿನಕ್ಕೆ ಇಟ್ಟದ್ದಕ್ಕೆ ಹುಳವೂ ಬೀಳಲಿಲ್ಲ.

ಯೇಸು "ಅನುದಿನದ ಆಹಾರವನ್ನು ಈಹೊತ್ತು ದಯಪಾಲಿಸು" ಅಂತ ಕಲಿಸಿದ್ದು ಇದೇ ಮನ್ನದ ಭಾಷೆಯಲ್ಲಿ. ನಾನು ಅದನ್ನು ಬಾಯಿಪಾಠವಾಗಿ ಹೇಳುತ್ತಿದ್ದೆ. ಆ ವರ್ಷ ನಿಜವಾಗಿ ಬೇಡಿಕೊಂಡೆ. ನಮ್ಮ ಸಭೆಯ ಒಬ್ಬ ಅಜ್ಜಿ ಪ್ರತಿ ಶನಿವಾರ ರಾಗಿಹಿಟ್ಟಿನ ಡಬ್ಬ ತಂದು ಬಾಗಿಲಲ್ಲಿ ಇಟ್ಟು, "ಒಳಗೆ ಬರಲ್ಲ ಕಣಮ್ಮಾ, ಬಸ್ಸಿಗೆ ಹೊತ್ತಾಯ್ತು" ಅನ್ನುತ್ತಿದ್ದರು. ಏಳು ತಿಂಗಳು. ಡಬ್ಬದಲ್ಲಿ ಒಂದು ವಾರಕ್ಕೆ ಆಗುವಷ್ಟೇ ಇರುತ್ತಿತ್ತು. ನನ್ನ ಗಂಡನಿಗೆ ಬೇರೆ ಕೆಲಸ ಸಿಕ್ಕಿದ ಮೇಲೆ ನಾನೇ ಹೋಗಿ ಹೇಳಿದೆ, ಇನ್ನು ಬೇಡ ಅಜ್ಜಿ ಅಂತ. ಆದರೂ ಮುಂದಿನ ಶನಿವಾರ ನನ್ನ ಕಿವಿ ಬಾಗಿಲ ಕಡೆಗೇ ಇತ್ತು.

ಯೆಹೋಶುವನ ಪುಸ್ತಕದಲ್ಲಿ ಒಂದು ಸಣ್ಣ ವಚನ ಇದೆ. ದೇವರು ಕೊಡುತ್ತೇನೆ ಅಂದಿದ್ದ ಕಾನಾನ್ ನಾಡಿಗೆ ಬಂದು, ಅಲ್ಲಿನ ಬೆಳೆ ತಿಂದ ಮರುದಿನವೇ ಮನ್ನ ನಿಂತಿತು. ಅದನ್ನು ಓದಿದಾಗಲೆಲ್ಲ ನನಗೆ ಒಬ್ಬ ಹೆಂಗಸು ಕಾಣುತ್ತಾಳೆ. ಹುಟ್ಟಿದ್ದೇ ಅರಣ್ಯದಲ್ಲಿ, ಬೇರೆ ಬೆಳಗು ಕಂಡವಳಲ್ಲ. ಆ ದಿನವೂ ಪಾತ್ರೆ ಹಿಡಿದು ಡೇರೆಯ ಹೊರಗೆ ಬಂದು ನೆಲ ನೋಡಿರುತ್ತಾಳೆ, ಅಲ್ವಾ?