ನಾಲ್ಕನೇ ಹಾಸಿಗೆಯ ಮೇಲಿನ ದೀಪ

ಅವ್ವನನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಬೆಳಿಗ್ಗೆ ಸಿಸ್ಟರ್ ಬಂದು ರಕ್ತ ತೆಗೆಯಲು ನರ ಹುಡುಕಿದರು. ತಲೆಯ ಮೇಲೆ ಹೊಚ್ಚ ಹೊಸ ಎಲ್‌ಇಡಿ ಪ್ಯಾನೆಲ್ ಉರಿಯುತ್ತಿತ್ತು. ಇಡೀ ವಾರ್ಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಆದರೂ ಅವರು ಅವ್ವನ ಕೈ ಹಿಡಿದು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದರು. ಹೊರಗೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ, ಎದುರಿನ ಸಿಲ್ವರ್ ಓಕ್ ಮರವನ್ನೂ ನುಂಗಿದ ಮಂಜು. ಆ ಬೂದು ಬೆಳಕಿನಲ್ಲಿ ನರ ಸಿಕ್ಕಿತು.

"ಇಷ್ಟೊಂದು ಲೈಟ್ ಇದೆಯಲ್ಲ ಸಿಸ್ಟರ್?" ಎಂದೆ.

"ಲೈಟ್ ಇದೆ ಅಣ್ಣ, ಕಾಣುವುದಿಲ್ಲ" ಎಂದರು.

ಆ ಮಾತು ಹನ್ನೊಂದು ದಿನವೂ ತಲೆ ಕೊರೆಯಿತು. ಈಗ ನಾನು ಕೊಡಗಿನ ನಾಪೋಕ್ಲು ಕಡೆ ಮೂರೂವರೆ ಎಕರೆ ಕಾಫಿ ನೋಡಿಕೊಂಡಿರುವವನು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ವೈರಿಂಗ್ ಗುತ್ತಿಗೆ ಮಾಡಿದ್ದೇನೆ. ಹಾಗಾಗಿ ಎಲ್ಲಿ ಹೋದರೂ ಮೊದಲು ಕಣ್ಣು ಹೋಗುವುದು ಸೀಲಿಂಗಿಗೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಇನ್‌ಬಾಕ್ಸಿಗೆ ಬಂದು ಕೇಳಲೂ ಬೇಡಿ. ಎಂಬತ್ತೊಂದರ ಅವ್ವನನ್ನು ನ್ಯುಮೋನಿಯಾದಿಂದ ಎಳೆದು ತಂದವರು ಅವರು. ದೀಪ ಕೊಂಡ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು.

ನಾನು ಎಲ್‌ಇಡಿಯ ವಿರೋಧಿ ಎಂದು ಯಾರೂ ತಿಳಿಯಬಾರದು. ಚೋಕ್ ಗುಂಯ್‌ಗುಡುವ, ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬೆರಳು ಸವೆಯುವ ಕಾಲದಲ್ಲಿ ಕೆಲಸ ಕಲಿತವನು ನಾನು. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟ್ ಚೋಕ್ ಸೇರಿ 50 ವ್ಯಾಟ್ ತಿನ್ನುತ್ತಿತ್ತು. ಈ ವಾರ್ಡಿನಲ್ಲಿ ಹಿಂದೆ ಅಂಥ ಹನ್ನೆರಡು ಟ್ಯೂಬ್ ಇದ್ದ ಗುರುತು ಗೋಡೆಯ ಮೇಲೆ ಇನ್ನೂ ಇದೆ, ಅಂದರೆ ಸುಮಾರು 600 ವ್ಯಾಟ್. ಈಗಿರುವುದು 36 ವ್ಯಾಟಿನ ಆರು ಪ್ಯಾನೆಲ್, 216 ವ್ಯಾಟ್. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬಂದೀತೆಂದು ಹೇಳಲಾಗದ ಊರು ನಮ್ಮದು. 150 ಆಂಪಿಯರ್ ಅವರ್‌ನ ಒಂದು ಇನ್ವರ್ಟರ್ ಬ್ಯಾಟರಿ ಹಳೆಯ ಟ್ಯೂಬುಗಳನ್ನು ಹೆಚ್ಚೆಂದರೆ ಎರಡೂವರೆ ಗಂಟೆ ಎಳೆಯುತ್ತಿತ್ತು, ಈ ಪ್ಯಾನೆಲ್‌ಗಳನ್ನು ಆರೂವರೆ ಗಂಟೆ ಎಳೆಯುತ್ತದೆ. ನಡುರಾತ್ರಿ ಹೆರಿಗೆ ಮಾಡಿಸುವ ಸಿಸ್ಟರಿಗೆ ಆ ನಾಲ್ಕು ಗಂಟೆ ಎಂದರೆ ಏನೆಂದು ನಾನು ವಿವರಿಸಬೇಕಿಲ್ಲ. ಟ್ಯೂಬಿನೊಳಗೆ ಪಾದರಸವಿತ್ತು; ಒಡೆದ ಟ್ಯೂಬನ್ನು ಆಸ್ಪತ್ರೆಯ ಹಿತ್ತಲಿಗೆ ಎಸೆಯುತ್ತಿದ್ದೆವು, ಎಸೆದವರಲ್ಲಿ ನಾನೂ ಒಬ್ಬ. ಪಾದರಸದ ಮಿನಮಾಟ ಒಪ್ಪಂದದ ಪ್ರಕಾರ 2027ರ ಕೊನೆಯೊಳಗೆ ಆ ಟ್ಯೂಬುಗಳ ತಯಾರಿಕೆಯೇ ನಿಲ್ಲಬೇಕು. ಹಾಗಾಗಿ ಬದಲಾವಣೆ ಬೇಕೋ ಬೇಡವೋ ಎಂಬ ಚರ್ಚೆಯೇ ಮುಗಿದಿದೆ.

ಉಳಿದಿರುವ ಪ್ರಶ್ನೆ ಒಂದೇ. ಬದಲಾಯಿಸುವಾಗ ನಾವು ನೋಡಿದ್ದೇನು? ವ್ಯಾಟ್ ನೋಡಿದೆವು, ಬೆಲೆ ನೋಡಿದೆವು. ಬಣ್ಣ ನೋಡಲಿಲ್ಲ.

ನಾವು ದಾಖಲಾಗಿದ್ದ ದಿನಗಳಲ್ಲೇ, ಮದ್ದುಸೊಪ್ಪು ಎಂಬ ಕಾಡು ಸೊಪ್ಪನ್ನು ತಿನ್ನುವ ದಿನವಾದ ಕಕ್ಕಡ 18 ಬಂತು. ಪಕ್ಕದ ಹಾಸಿಗೆಯವರ ಮನೆಯಿಂದ ಮದ್ದುಸೊಪ್ಪಿನ ಪಾಯಸ ಬಂತು. ಕೊಡಗಿನವರಿಗೆ ಆ ಬಣ್ಣ ಗೊತ್ತು, ನೇರಳೆ ಹಣ್ಣನ್ನು ಹಿಂಡಿದ ಹಾಗೆ. ಡಬ್ಬಿ ತೆಗೆದರೆ ಒಳಗೆ ಬರೆಯುವ ಶಾಯಿ! ಕೆಟ್ಟಿರಬೇಕೆಂದು ಮೂಸಿ ನೋಡಿದೆ, ಪರಿಮಳ ಸರಿಯಾಗಿತ್ತು. ಕಿಟಕಿಯ ಬಳಿ ಒಯ್ದೆ, ನೇರಳೆ ಬಣ್ಣ ಮರಳಿ ಬಂತು. (ಮರುದಿನ ಪಕ್ಕದ ಹಾಸಿಗೆಯವರ ಮೂತ್ರದ ಚೀಲ ಕೆಂಪಾಗಿ, ಹೊರಗಿನಿಂದ ಬಂದಿದ್ದ ಎಳೆಯ ಡಾಕ್ಟರ್ ಓಡಿ ಬಂದದ್ದು ಬೇರೆ ಕಥೆ. ಮದ್ದುಸೊಪ್ಪು ತಿಂದರೆ ಮೂತ್ರ ಹಾಗಾಗುವುದು ಇಲ್ಲಿಯ ಮಕ್ಕಳಿಗೂ ಗೊತ್ತು.)

ಇದರ ಕಾರಣ ದೀಪದ ಹೊಟ್ಟೆಯಲ್ಲಿದೆ. ಬಿಳಿ ಎಲ್‌ಇಡಿ ಎನ್ನುವುದು ನಿಜಕ್ಕೂ ನೀಲಿ ಎಲ್‌ಇಡಿ. ಆ ನೀಲಿಯನ್ನು ಬೆಳಗಿಸಿ ತೋರಿಸಿದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು. ನೀಲಿ ಚಿಪ್‌ನ ಮೇಲೆ, ನೀಲಿ ಬಿದ್ದರೆ ಹಳದಿ ಬೆಳಕು ಸೂಸುವ ಫಾಸ್ಫರ್ ಎಂಬ ಪುಡಿಯ ಲೇಪ ಹಚ್ಚುತ್ತಾರೆ, ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಅಗ್ಗದ ದೀಪದಲ್ಲಿ ಕಡಿಮೆ ಬೀಳುವುದು ಕೆಂಪು. ದೀಪದಲ್ಲಿ ಕೆಂಪಿಲ್ಲದಿದ್ದರೆ ವಸ್ತುವಿನ ಕೆಂಪು ಎಲ್ಲಿಂದ ಕಾಣಬೇಕು? ನೇರಳೆಯಿಂದ ಕೆಂಪು ಕಳೆದರೆ ಉಳಿಯುವುದು ಶಾಯಿಯ ನೀಲಿ. ಕಾಫಿ ಕುಯ್ಲಿನ ಸಂಜೆ ಶೆಡ್ಡಿನ ದೀಪದಲ್ಲಿ ಹಣ್ಣು ಆರಿಸಿದವರಿಗೆ ಇದು ಪಾಠ ಓದದೆಯೂ ಗೊತ್ತು. ಹಣ್ಣು ಯಾವುದು, ಬಲಿತ ಕಾಯಿ ಯಾವುದು ಎಂದು ಕೈ ತಡೆಯುತ್ತದೆ.

ದೀಪವೊಂದು ಬಣ್ಣವನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎನ್ನುವುದಕ್ಕೆ ನೂರರ ಅಳತೆ ಇದೆ, ನಮ್ಮ ವೈರಿಂಗ್‌ನವರ ಭಾಷೆಯಲ್ಲಿ ಸಿಆರ್‌ಐ. ಪೆಟ್ಟಿಗೆಯ ಮೇಲೆ 80 ಎಂದಿದ್ದರೆ ಗುತ್ತಿಗೆದಾರರು ಸುಮ್ಮನಾಗುತ್ತಾರೆ. ಆದರೆ ಆ ಅಂಕವನ್ನು ಲೆಕ್ಕ ಹಾಕುವುದು ಎಂಟು ತಿಳಿ ಬಣ್ಣಗಳ ಮೇಲೆ. ಗಾಢ ಕೆಂಪು ಒಂಬತ್ತನೆಯದು, ಲೆಕ್ಕದಿಂದ ಹೊರಗೆ. 80 ಅಂಕದ ದೀಪ ಗಾಢ ಕೆಂಪಿನಲ್ಲಿ ಸೊನ್ನೆಯ ಹತ್ತಿರ ಇರಬಹುದು. ಗಣಿತ ಬಿಟ್ಟು ಉಳಿದೆಲ್ಲದರಲ್ಲಿ ಪಾಸಾದ ಹುಡುಗನನ್ನು ಬ್ಯಾಂಕಿನ ಕ್ಯಾಷಿಯರ್ ಮಾಡಿದ ಹಾಗಾಯಿತು ಇದು. ಆಸ್ಪತ್ರೆಯಲ್ಲಿ ನೋಡಬೇಕಾದದ್ದೆಲ್ಲ ಆ ಒಂಬತ್ತನೆಯದರಲ್ಲೇ ಇದೆಯಲ್ಲ. ತುಟಿಯ ಕೆಂಪು, ಉಗುರಿನ ಕೆಳಗಿನ ರಕ್ತ, ಗಾಯದ ಅಂಚು, ಹುಣ್ಣು ವಾಸಿಯಾಗುತ್ತಿದೆಯೋ ಕೊಳೆಯುತ್ತಿದೆಯೋ ಎಂಬುದು.

ನಮ್ಮಂಥ ಕಂದು ಮೈಯವರಲ್ಲಿ ಈ ಗುರುತುಗಳು ಕಾಣುವ ಜಾಗವೇ ಕಡಿಮೆ: ತುಟಿ, ನಾಲಿಗೆ, ಕಣ್ಣಿನ ಬಿಳಿಗುಡ್ಡೆ, ಉಗುರು. ಆಮ್ಲಜನಕ ಕಡಿಮೆಯಾಗಿ ತುಟಿ ನೀಲಿಗಟ್ಟುವುದನ್ನು ದೀಪ ಮರೆಮಾಚಬಾರದು, ಇಲ್ಲದ ನೀಲಿಯನ್ನು ತೋರಿಸಿ ಹೆದರಿಸಲೂಬಾರದು ಎಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಆಸ್ಪತ್ರೆ ದೀಪಗಳಿಗೆ ಪ್ರತ್ಯೇಕ ಸೂಚ್ಯಂಕವನ್ನೇ ಇಟ್ಟಿದ್ದಾರೆ. ದೀಪದ ಬಿಳುಪು 3300ರಿಂದ 5300 ಕೆಲ್ವಿನ್ ಒಳಗಿರಬೇಕು ಎನ್ನುತ್ತಾರೆ (ಈ ಅಂಕಿ ಏರಿದಷ್ಟೂ ಬಿಳುಪು ನೀಲಿಯ ಕಡೆ ವಾಲುತ್ತದೆ). ಯುರೋಪಿನ ಮಾನದಂಡದಲ್ಲಿ ಪರೀಕ್ಷಾ ಕೊಠಡಿಗೆ ಸಿಆರ್‌ಐ 90 ಇರಬೇಕು. ನಮ್ಮ ವಾರ್ಡಿನ ಪ್ಯಾನೆಲ್ 6500 ಕೆಲ್ವಿನ್. ಅಂಗಡಿಯವರು ಕೂಲ್ ವೈಟ್ ಎನ್ನುವ ಆ ತಣ್ಣನೆಯ ನೀಲಿ ಬಿಳುಪು. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುವ ಯಂತ್ರ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಆಗಸ್ಟಿನ ಚಳಿಗೆ ಅವ್ವನ ಬೆರಳು ಮಂಜುಗಡ್ಡೆಯಾಗಿ ಆ ಯಂತ್ರ ಅಂಕಿಯನ್ನೇ ತೋರಿಸದೆ ಮಿನುಗುತ್ತಿದ್ದಾಗ, ಸಿಸ್ಟರ್ ನೋಡಿದ್ದು ತುಟಿಯನ್ನು. ಅದೂ ಮೊಬೈಲ್ ಟಾರ್ಚ್ ಹಿಡಿದು. ಆ ಟಾರ್ಚೂ ಎಲ್‌ಇಡಿಯೇ ಎಂದು ಹೇಳಲು ಹೋಗಿ ಸುಮ್ಮನಾದೆ.

ಬೆಳಕಿನಿಂದಲೇ ಗುಣವಾಗುವ ಕಾಯಿಲೆಯೂ ಇದೆ ಎನ್ನುವುದು ಎಷ್ಟು ಜನರಿಗೆ ಗೊತ್ತೋ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ಸಿಸ್ಟರ್ (ಹೆಸರೇ ವಾರ್ಡ್!) ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಕಾಮಾಲೆಯಾದ ಒಂದು ಕೂಸಿನ ಮೈ ಬಿಸಿಲು ಬಿದ್ದಲ್ಲಿ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಕಡೆ ಹಳದಿಯಾಗಿಯೇ ಉಳಿದದ್ದನ್ನು ಡಾಕ್ಟರರಿಗೆ ತೋರಿಸಿದವರು ಅವರು. 1958ರಲ್ಲಿ ಅಲ್ಲಿನ ವೈದ್ಯರು ಅದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದು ಅದೇ ಕಾರಣಕ್ಕೆ. ಸುಮಾರು 460ರಿಂದ 490 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು, ಮೈ ಹಳದಿಯಾಗಿಸುವ ಬಿಲಿರುಬಿನ್‌ನ ರೂಪ ಬದಲಿಸಿ ದೇಹದಿಂದ ಹೊರಹೋಗುವಂತೆ ಮಾಡುತ್ತದೆ. ಇಲ್ಲಿ ಎಲ್‌ಇಡಿಗೆ ನಾನು ಕೈ ಮುಗಿಯುತ್ತೇನೆ. ಹಳೆಯ ಟ್ಯೂಬಿನ ಯಂತ್ರ ಕೂಸನ್ನು ಕಾಯಿಸುತ್ತಿತ್ತು, ಎಲ್‌ಇಡಿಯದು ಬೇಕಾದ ನೀಲಿಯನ್ನಷ್ಟೇ ಕೊಡುತ್ತದೆ, ಕಾವು ಕಡಿಮೆ. ಸೂರ್ಯ ರಜೆ ಹಾಕುವ ಜಿಲ್ಲೆಗೆ ಇದು ದೊಡ್ಡ ವರ. ಆಪರೇಷನ್ ಥಿಯೇಟರಿನಲ್ಲೂ ಅಷ್ಟೇ, ಹ್ಯಾಲೋಜನ್ ದೀಪ ವೈದ್ಯರ ನೆತ್ತಿ ಕಾಯಿಸುತ್ತಿದ್ದ ಕಾಲ ಹೋಯಿತು. ಥಿಯೇಟರಿನ ದೀಪ ಕೊಳ್ಳುವಾಗ ವೈದ್ಯರನ್ನು ಕೇಳುತ್ತಾರೆ. ವಾರ್ಡಿನ ದೀಪ ಕೊಳ್ಳುವಾಗ ಸಿಸ್ಟರನ್ನು ಯಾರು ಕೇಳಿದರು?

ರಾತ್ರಿಯದು ಇನ್ನೊಂದು ಗೋಳು. ಎಂಟು ಹಾಸಿಗೆ, ಆರು ಪ್ಯಾನೆಲ್, ಒಂದೇ ಸ್ವಿಚ್ಚು. ಆರಿಸಿದರೆ ಕಗ್ಗತ್ತಲು, ಹಾಕಿದರೆ ನಡುಹಗಲು. ಯಾರಿಗಾದರೂ ಡ್ರಿಪ್ ಬದಲಿಸಬೇಕು, ಯಾರನ್ನಾದರೂ ಶೌಚಕ್ಕೆ ಕರೆದೊಯ್ಯಬೇಕು. ಹಾಗಾಗಿ ಸದಾ ಉರಿಯುತ್ತಿರುತ್ತದೆ. ತಮ್ಮನಿಗೆ ಹೇಳಿ ಬೆಳಕು ಅಳೆಯುವ ನನ್ನ ಹಳೆಯ ಲಕ್ಸ್ ಮೀಟರ್ ತರಿಸಿ ರಾತ್ರಿ ಎರಡು ಗಂಟೆಗೆ ಅವ್ವನ ದಿಂಬಿನ ಮೇಲಿಟ್ಟೆ. 240 ಲಕ್ಸ್. ರಾತ್ರಿ ವಾರ್ಡಿನಲ್ಲಿ ರೋಗಿಗಳ ಮೇಲೆ ಕಣ್ಣಿಡಲು ಯುರೋಪಿನ ಮಾನದಂಡ ಕೇಳುವುದು 5 ಲಕ್ಸ್. ನಮ್ಮ ಕಣ್ಣಿನ ಪರದೆಯಲ್ಲಿ ನೋಡುವುದಕ್ಕಲ್ಲದೆ ಹೊತ್ತು ತಿಳಿಯುವುದಕ್ಕೂ ಕೆಲವು ಜೀವಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೋಮೀಟರಿನ ಆಸುಪಾಸಿನ ನೀಲಿಗೆ, ಅಂದರೆ ಹಳದಿ ದೀಪಕ್ಕಿಂತ ಈ ಕೂಲ್ ವೈಟ್ ದೀಪದಲ್ಲಿ ಹೆಚ್ಚಾಗಿರುವ ಬಣ್ಣಕ್ಕೆ. ಹಗಲೆಲ್ಲ ಮಂಜು, ರಾತ್ರಿಯೆಲ್ಲ ಪ್ಯಾನೆಲ್. ಐದನೇ ರಾತ್ರಿ ಮೂರು ಗಂಟೆಗೆ ಅವ್ವ ಎದ್ದು ಕೂತು, "ಬೆಳಕು ಹರಿದು ಎಷ್ಟು ಹೊತ್ತಾಯಿತು, ಕೊಟ್ಟಿಗೆ ಬಾಗಿಲು ತೆಗೆದೆಯಾ?" ಎಂದರು. ಕೊಟ್ಟಿಗೆಯಲ್ಲಿ ದನ ಇಲ್ಲದೆ ಒಂಬತ್ತು ವರ್ಷವಾಗಿದೆ. ಜ್ವರದ ಕನವರಿಕೆಯೂ ಇರಬಹುದು, ದೀಪವೊಂದೇ ಕಾರಣ ಎಂದು ನಾನು ಹಠ ಹಿಡಿಯುವುದಿಲ್ಲ. ಆದರೆ ರಾತ್ರಿ ಎನ್ನಲು ಅವ್ವನಿಗೆ ಅಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ಅಂದು ಖಾಲಿಯಿದ್ದ ಆರನೇ ಹಾಸಿಗೆಯ ಮೇಲೆ ನಾನು ಅಂಗಾತ ಮಲಗಿ ನೋಡಿದೆ. ಹತ್ತೊಂಬತ್ತು ವರ್ಷ ಸೀಲಿಂಗಿನಲ್ಲಿ ದೀಪ ಕೂರಿಸಿದ್ದೇನೆ, ಒಮ್ಮೆಯೂ ಕೆಳಗೆ ಮಲಗಿ ನೋಡಿರಲಿಲ್ಲ. ಪ್ಯಾನೆಲ್ ನೇರ ಕಣ್ಣಿಗೆ ಚುಚ್ಚಿತು. ಅದರ ಮುಚ್ಚಳದೊಳಗೆ ಈಸಲು ಹುಳುಗಳ ಹೆಣ ಬೇರೆ. ನನ್ನ ಪಾಪವನ್ನೂ ಹೇಳಿಬಿಡುತ್ತೇನೆ: ವರ್ಷಗಳ ಹಿಂದೆ ಒಂದು ನರ್ಸಿಂಗ್ ಹೋಮಿನ ಹೆರಿಗೆ ಕೋಣೆಗೆ 6500 ಕೆಲ್ವಿನ್‌ನ ದೀಪ ಹಾಕಿದವನು ನಾನೇ. ಅಂಗಡಿಯಲ್ಲಿ ಅದೇ ಇತ್ತು, ಅದೇ ಅಗ್ಗವಿತ್ತು, ಬಿಳಿ ಹೆಚ್ಚಾದಷ್ಟೂ ಸ್ವಚ್ಛವಾಗಿ ಕಾಣುತ್ತದೆ ಎಂದು ಮಾಲೀಕರೂ ಖುಷಿಪಟ್ಟರು.

ಆಸ್ಪತ್ರೆ ಕಟ್ಟಿಸುವವರು, ಟೆಂಡರ್ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಕಾಗದದಲ್ಲಿ ವ್ಯಾಟಿನ ಪಕ್ಕದಲ್ಲಿ ಸಿಆರ್‌ಐ 90 ಎಂದೂ, 4000 ಕೆಲ್ವಿನ್ ಎಂದೂ, ಗಾಢ ಕೆಂಪಿನ ಅಂಕ ಇಷ್ಟು ಎಂದೂ ಸೇರಿಸಿ. ಪ್ರತಿ ಹಾಸಿಗೆಯ ತಲೆಯ ಬಳಿ ಒಂದು ಪುಟ್ಟ ದೀಪ, ನೆಲದಿಂದ ಒಂದಡಿ ಎತ್ತರದಲ್ಲಿ ಹಳದಿ ಮಿಣುಕು ದೀಪ, ಇವೆರಡಕ್ಕೂ ಬೇರೆ ಬೇರೆ ಸ್ವಿಚ್ಚು. ವೈರಿಂಗ್ ಮಾಡುವಾಗಲೇ ಯೋಚಿಸಿದರೆ ಇದು ದೊಡ್ಡ ಖರ್ಚಲ್ಲ. ಸೀಲಿಂಗ್ ಮುಚ್ಚಿದ ಮೇಲೆ ದೊಡ್ಡ ಖರ್ಚು. ಸಿಡಿಲಿನ ನಾಡಿನಲ್ಲಿ ಬೋರ್ಡಿಗೆ ಸರ್ಜ್ ರಕ್ಷಣೆ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕದೆ ಎಲ್‌ಇಡಿ ಹಾಕಿದರೆ ಒಂದೇ ಮುಂಗಾರಿಗೆ ದೀಪಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಸುಟ್ಟು, "ಎಲ್‌ಇಡಿ ಬಾಳಿಕೆ ಬರುವುದಿಲ್ಲ" ಎಂಬ ಅಪವಾದವೂ ಬರುತ್ತದೆ. ಒಂದು ದೀಪ ಕೆಟ್ಟದ್ದೋ ಒಳ್ಳೆಯದೋ ಎಂದು ತಿಳಿಯಲು ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿ ಓಡಿದರೆ ಆ ದೀಪ ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ ನೂರು ಸಲ ಮಿಣುಕುತ್ತಿರುವ ಅಗ್ಗದ ಡ್ರೈವರಿನದ್ದು ಎಂದು ಅನುಮಾನಿಸಬಹುದು.

ನಾನು ಸುಮ್ಮನೆ ಗೊಣಗಲಿಲ್ಲ. ಆ ವಾರ್ಡಿಗೆ ಎರಡನೇ ಸ್ವಿಚ್ಚು ಉಚಿತವಾಗಿ ಹಾಕಿಕೊಡುತ್ತೇನೆ ಎಂದೆ. "ಅರ್ಜಿ ಕೊಡಿ" ಎಂದರು, ಕೊಟ್ಟೆ. "ಮೇಲಿನವರಿಗೆ ಕಳುಹಿಸುತ್ತೇವೆ" ಎಂದರು. ಆರನೇ ರಾತ್ರಿ ನನಗೆ ಮೇಲಿನವರನ್ನು ಕಾಯುವ ತಾಳ್ಮೆ ಇರಲಿಲ್ಲ. ಸ್ಟೂಲ್ ಹತ್ತಿ ಅವ್ವನ ಮೇಲಿದ್ದ ಪ್ಯಾನೆಲ್ ಜಾರಿಸಿ, ಡ್ರೈವರಿನ ಕನೆಕ್ಟರ್ ಬಿಡಿಸಿದೆ. ಸಿಸ್ಟರ್ ನೋಡಿದರು. ಏನೂ ಹೇಳದೆ ರಿಜಿಸ್ಟರ್ ತೆರೆದು ಬರೆಯತೊಡಗಿದರು. ಅವ್ವ ಆ ರಾತ್ರಿ ಐದು ಗಂಟೆ ನಿದ್ದೆ ಮಾಡಿದರು. ಮುಂದಿನ ದಿನಗಳಲ್ಲಿ ಬೆಳಿಗ್ಗೆ ಸಿಕ್ಕಿಸುವುದು, ರಾತ್ರಿ ಬಿಡಿಸುವುದು ನನ್ನ ಕೆಲಸವಾಯಿತು.

ಡಿಸ್ಚಾರ್ಜ್ ಆದ ದಿನ ಬಿಲ್ಲು, ಮಾತ್ರೆ, ಜೀಪು, ಮಳೆ ಎಂಬ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ಹಾಗಾಗಿ ಆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ತಮ್ಮನ ಕಣ್ಣಿಗೆ ಈ ಬರಹ ಬಿದ್ದರೆ ಒಂದು ಮಾತು. ನಾಲ್ಕನೇ ಹಾಸಿಗೆಯ ಮೇಲಿನ ಪ್ಯಾನೆಲ್ ಕೆಟ್ಟಿಲ್ಲ, ಹೊಸದು ತರಿಸಬೇಡ. ಎಡಗಡೆ ಅಂಚಿನಲ್ಲಿ ಕನೆಕ್ಟರ್ ನೇತಾಡುತ್ತಿದೆ. ಸಿಕ್ಕಿಸುವ ಮೊದಲು ಈಗ ಆ ಹಾಸಿಗೆಯಲ್ಲಿ ಇರುವವರನ್ನು ಒಮ್ಮೆ ಕೇಳು.